ಹದಿನೇಳನೇ ಪುಟ

ವೇಳಾಪಟ್ಟಿಯಲ್ಲಿ ಇಲ್ಲದ್ದು ಇದು.
ಎಂಟೂಕಾಲಿಗೆ ಹಾಜರಿ, ಎಂಟೂವರೆಗೆ ಅಕ್ಷರದ ಸದ್ದು,
ಒಂಬತ್ತೂ ಹತ್ತಕ್ಕೆ ಗುಣಾಕಾರ; ನಡುವೆ
ಮೂಗು ಒರೆಸಿಕೊಳ್ಳುವುದಕ್ಕೂ ಬಿಡುವಿಲ್ಲ.
ಆಟದಿಂದ ಬಂದವರ ಏದುಸಿರು ಇಳಿಯುವ ಹೊತ್ತು,
ಅಲ್ಲಿಂದ ಐದು ನಿಮಿಷ ಚಿವುಟಿದೆ,
ವಿಜ್ಞಾನದ ಬಾಲದಿಂದ ನಾಲ್ಕು,
ಧ್ವನಿವರ್ಧಕದ ಪ್ರಕಟಣೆಗಳಿಂದ ಮೂರು.
ಹನ್ನೆರಡಾಯಿತು.
ದಿನಸಿ ದುಡ್ಡಲ್ಲಿ ಚಿಲ್ಲರೆ ಉಳಿಸಿ
ಕಾಫಿ ಡಬ್ಬಿಯ ತಳದಲ್ಲಿಡುತ್ತಿದ್ದ ಅಮ್ಮನ ಹಾಗೆ
ಯಾರಿಗೂ ಹೇಳದೆ ಕೂಡಿಟ್ಟೆ.

ನೆಬ್ರಾಸ್ಕಾದ ಬಯಲು. ಕಿಟಕಿಯಾಚೆ ಮೆಕ್ಕೆಜೋಳದ ಕೂಳೆ,
ಕೂಳೆಯಾಚೆ ಮಾಂಸದ ಕಾರ್ಖಾನೆ.
ಗಾಳಿ ತಿರುಗಿದ ದಿನ ಅದರ ವಾಸನೆಯೂ
ಮೂರನೇ ತರಗತಿಗೆ ಹಾಜರು.
ಇಪ್ಪತ್ಮೂರು ಮಕ್ಕಳು, ಏಳು ಮನೆಮಾತು,
ಒಂದು ಕೋಳಿಯಾಕಾರದ ಟೈಮರ್,
ಕತ್ತು ತಿರುವಿಟ್ಟರೆ ಟಿಕ್ ಟಿಕ್ ಎನ್ನುವುದು.

ಪ್ರಶ್ನೆ ಕೇಳುವುದಿಲ್ಲ, ಎಂದೆ ಮೊದಲ ದಿನ.
ಸಾರಾಂಶ ಬೇಡ. ನೀತಿ ಹುಡುಕಬೇಡಿ.
ಬೇಸರವಾದರೆ ಬಿಟ್ಟು ಬೇರೆ ತೆಗೆದುಕೊಳ್ಳಿ.
ನಂಬಲಿಲ್ಲ ಅವರು.
"ಅಂಕ?" ಎಂದ ಟ್ರೇಟನ್.
"ಇಲ್ಲ."
"ಸ್ಟಿಕ್ಕರ್?"
"ಅದೂ ಇಲ್ಲ."
ಮೋಸ ಹೋದವನಂತೆ ಕೂತ.

ಯೋವಾನಿ ದಿನಾ ಅದೇ ಟ್ರ್ಯಾಕ್ಟರ್ ಪುಸ್ತಕ ತೆಗೆಯುವನು,
ದಿನಾ ಅದೇ ಹದಿನೇಳನೇ ಪುಟ.
ಅಕ್ಟೋಬರ್ ಕಳೆಯಿತು, ಮೊದಲ ಹಿಮ ಬಿತ್ತು, ಕರಗಿತು,
ಹದಿನೆಂಟು ಬರಲಿಲ್ಲ.
ನಾಲಿಗೆ ತುದಿಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ.
ಪಾಠ ಹೇಳುವ ನಾಲಿಗೆ ಇದು,
ಸುಮ್ಮನಿರುವುದನ್ನು ಇದಕ್ಕೆ ಯಾರೂ ಕಲಿಸಿಲ್ಲ.

ಒಂದು ಗುರುವಾರ ಪ್ರಿನ್ಸಿಪಾಲ್ ಕುಬಿಚೆಕ್ ಬಂದರು,
ಕೈಯಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ನಮೂನೆ.
"ಈಗ ಏನು ಪಾಠ?"
ಪಿಸುಮಾತಲ್ಲೇ ಕೇಳಿದರು, ಪುಣ್ಯಕ್ಕೆ.
"ಓದುತ್ತಿದ್ದಾರೆ."
"ಅದು ಕಾಣುತ್ತೆ. ಪಾಠ?"
ನಮೂನೆಯಲ್ಲಿ ಹದಿನಾಲ್ಕು ಚೌಕ.
ಅವರ ಪೆನ್ನು ಚೌಕದಿಂದ ಚೌಕಕ್ಕೆ ಅಲೆದು
ಕೂರಲು ಕೊಂಬೆ ಸಿಗದ ಗುಬ್ಬಿಯಂತೆ
ಜೇಬಿಗೆ ಮರಳಿತು.
ಹೋಗುವಾಗ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡರು.
ಅದನ್ನು ಅನುಮತಿ ಎಂದೇ ಓದಿಕೊಂಡೆ.

ನನ್ನನ್ನು ಹಿಡಿದವಳು ಸಾಗಲ್.
ಹಿಜಾಬಿನ ಅಂಚು ಹಲ್ಲಲ್ಲಿ ಕಚ್ಚಿಕೊಂಡು
ಪುಸ್ತಕದ ಮೇಲಿಂದ ನೋಡಿದಳು, ನೋಡಿದಳು,
ಎದ್ದು ಬಂದು ಕಿವಿಯಲ್ಲಿ ಅಂದಳು:
"ಟೀಚರ್, ನೀವು ಓದುತ್ತಿಲ್ಲ.
ತಪ್ಪು ಹುಡುಕುತ್ತಿದ್ದೀರಿ."

ಹೌದು. ಮಡಿಲಲ್ಲಿ ಸ್ಪೆಲಿಂಗ್ ಹಾಳೆಗಳ ಕಟ್ಟು,
ಬೆರಳ ನಡುವೆ ಕೆಂಪು ಪೆನ್ನು.
ಮಕ್ಕಳಿಗೆ ಹೊತ್ತು ಕದ್ದು ಕೊಟ್ಟವಳು
ನನ್ನ ಪಾಲಿನದನ್ನು ಮತ್ತೆ ಕೂಲಿಗೆ ಕಳಿಸಿದ್ದೆ.
ಕೊನೆಯ ಸಲ ಓದಿದ್ದು ಯಾವಾಗ,
ಮಾತ್ರೆ ಚೀಟಿ, ಬ್ಯಾಂಕಿನ ಕಾಗದ ಬಿಟ್ಟರೆ?

ಮರುದಿನ ಮನೆಯಿಂದೊಂದು ಕಾದಂಬರಿ ತಂದೆ.
ಅರ್ಧದಲ್ಲಿ ಮಡಿಚಿದ ಮೂಲೆ ಹಾಗೇ ಇತ್ತು,
ಬಸುರಿಯಾಗಿದ್ದಾಗ ಮಡಿಚಿದ್ದು.
ಆ ಮಗನಿಗೆ ಈಗ ಗಡ್ಡ ಬಂದಿದೆ.

ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತೆ.
ಮೊದಲ ವಾಕ್ಯ ಮೂರು ಸಲ ಓದಿದೆ.
ಕಣ್ಣು ಸಾಲಿಂದ ಜಾರಿತು, ಮತ್ತೆ ಹತ್ತಿಸಿದೆ,
ಮತ್ತೆ ಜಾರಿ ಊಟದ ಬಿಲ್ಲು, ಕಾರಿನ ಬ್ರೇಕು,
ನಾಳೆಯ ಪೋಷಕರ ಸಭೆ.
ಕೊನೆಗೆ ನಾಚಿಕೆ ಬಿಟ್ಟು
ಒಂದನೇ ತರಗತಿಯವರ ಹಾಗೆ ಬೆರಳಿಟ್ಟೆ.

ತಲೆಯೆತ್ತಿದರೆ ಯೋವಾನಿ ನನ್ನ ಬೆರಳನ್ನೇ ನೋಡುತ್ತಿದ್ದಾನೆ.
ಆಮೇಲೆ ತನ್ನದನ್ನೂ ಇಟ್ಟ.

ಕೋಳಿ ಕಿರುಚಿತು.
"ಇದೊಂದು ಪುಟ," ಎಂದ ಟ್ರೇಟನ್, ಕಣ್ಣೆತ್ತದೆ.
ನಾನೂ ಅದನ್ನೇ ಹೇಳುವವಳಿದ್ದೆ.
ವಿಜ್ಞಾನ ಕಾಯಲಿ. ಬೀಜ ಮೊಳೆಯುವ ಪಾಠ ಇವತ್ತು,
ಅದಕ್ಕೆ ಅವಸರವಿಲ್ಲ.

ನನ್ನ ಕಥೆಯಲ್ಲಿ ಯಾರೋ ರೈಲು ಹತ್ತುತ್ತಿದ್ದರು.
ಕೋಣೆಯ ಆ ಮೂಲೆಯಿಂದ
ಹಾಳೆ ಮಗುಚಿದ ಸದ್ದು.
ಯಾರದೆಂದು ನೋಡಲಿಲ್ಲ.